ಎರಡನೇ ಸಾಲಿನ ಉಸಿರು

ಅವರ ಎರಡು ಹೆಗಲ ಮೇಲೂ ಕೂದಲೇ ಇಲ್ಲದ ನುಣುಪಾದ ಪಟ್ಟಿಗಳಿದ್ದವು. ಬೇಸಿಗೆಯಲ್ಲಿ ಬನಿಯನ್ನೂ ಹಾಕದೆ ಜಗಲಿಯ ಮೇಲೆ ಕೂತು ಸಾಸರಿನಲ್ಲಿ ಟೀ ಹೀರುವಾಗ ಅವು ಎದ್ದು ಕಾಣುತ್ತಿದ್ದವು. ಮಿಕ್ಕ ಮೈಯೆಲ್ಲ ಕರಡಿಯ ಹಾಗೆ ಕೂದಲು, ಹೆಗಲಲ್ಲಿ ಮಾತ್ರ ನೊಗ ಹೊತ್ತ ಎತ್ತಿನ ಹಾಗೆ ಕಪ್ಪಗೆ ಹೊಳೆಯುವ ಚರ್ಮ. ಅಕಾರ್ಡಿಯನ್ನಿನ ಪಟ್ಟಿ ವರ್ಷಗಟ್ಟಲೆ ಉಜ್ಜಿ ಆದ ಗುರುತು ಅದು. ಮೊದಲ ಸಲ ನೋಡಿದಾಗ ನಾನು ಕಿಸಕ್ಕನೆ ನಕ್ಕುಬಿಟ್ಟೆ. “ನಗಮ್ಮ, ನಗು. ನಿನ್ನ ತುಟಿ ಕೆಳಗೂ ಒಂದು ಮಚ್ಚೆ ಬೀಳುತ್ತೆ, ನೋಡ್ತಿರು” ಎಂದರು. ಬಿತ್ತು. ಕೊಳಲು ತಾಗಿ ತಾಗಿ ಬಿದ್ದ ಆ ಕಪ್ಪು ಗುರುತು ಈಗಲೂ ನನ್ನ ಕೆಳತುಟಿಯ ಅಡಿಯಲ್ಲಿದೆ. ಕನ್ನಡಿ ನೋಡಿದಾಗಲೆಲ್ಲ ಅವರ ನೆನಪಾಗುತ್ತದೆ. ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಹೀಗೆ ಹೊಸಕೋಟೆಯಿಂದ ನೆಲಮಂಗಲದವರೆಗೆ ನಾವು ಹತ್ತದ ಸ್ಟೇಜಿಲ್ಲ. ಆ ತಂಡವನ್ನು ಕಟ್ಟಿದವರು, ನಾವೆಲ್ಲ ಮಾಸ್ಟ್ರು ಎಂದು ಕರೆಯುತ್ತಿದ್ದ ಈ ಮನುಷ್ಯ. ನೇಕಾರರ ಮನೆತನ. ಮನೆಯ ಮುಂದಿನ ಕೋಣೆಯಲ್ಲಿ ಪವರ್‌ಲೂಮುಗಳು, ಹಿಂದಿನ ಕೋಣೆಯಲ್ಲಿ ನಮ್ಮ ಪ್ರಾಕ್ಟೀಸು. ಮಗ್ಗ ಓಡುತ್ತಿರುವಾಗಲೇ ನಾವು ನುಡಿಸಬೇಕು, ಅದು ಅವರ ಕಾನೂನು. ಹೊಸದಾಗಿ ಸೇರಿದವರು ಯಾರಾದರೂ “ಏನೂ ಕೇಳಿಸಲ್ಲ ಮಾಸ್ಟ್ರೇ, ಸ್ವಲ್ಪ ಹೊತ್ತು ನಿಲ್ಲಿಸಿ” ಎಂದರೆ ಒಂದೇ ಉತ್ತರ.

“ಈ ಸದ್ದಲ್ಲಿ ಪಕ್ಕದವನು ನುಡಿಸೋದು ಕೇಳಿಸ್ಕೊಳ್ಳೋದು ಕಲಿ. ಆಮೇಲೆ ಮದುವೆ ಮನೇಲಿ ಜನರೇಟರ್ ಬಡ್ಕೊಂಡ್ರೂ ನಿನಗೇನೂ ಆಗಲ್ಲ.”

ನಮ್ಮೂರಿನ ಕರೆಂಟಿನ ಬಗ್ಗೆ ಹೇಳುವುದೇ ಬೇಡ. ವೋಲ್ಟೇಜ್ ಇಳಿದರೆ ಮಗ್ಗದ ಲಯವೂ ಇಳಿಯುತ್ತಿತ್ತು. ಅದರ ಜೊತೆಗೆ ನಮ್ಮಲ್ಲಿ ಯಾರ ಲಯವಾದರೂ ಜಾರಿತೋ, ಕೆಟ್ಟೆವು. ಮಾಸ್ಟ್ರು ಬಾಯಿಬಿಟ್ಟು ಬೈಯುತ್ತಿರಲಿಲ್ಲ. ಅಕಾರ್ಡಿಯನ್ನಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ತಿದಿಯೊಳಗಿನ ಗಾಳಿ ಸ್ವರವಿಲ್ಲದೆ ಹೊರಗೆ ಹೋಗುತ್ತದೆ. ಅವರು ಆ ಗುಂಡಿ ಒತ್ತಿ ‘ಹುಸ್ಸ್’ ಎನ್ನಿಸುತ್ತಿದ್ದರು. ಅಷ್ಟೇ ಬೈಗುಳ. ನಮ್ಮ ತಬಲಾದವರು ನನಗಿಂತ ಎಷ್ಟೋ ಹಿರಿಯರು, ಮೊಮ್ಮಕ್ಕಳನ್ನು ಕಂಡವರು, ಆ ಹುಸ್ಸಿಗೆ ಅವರೂ ತಲೆ ತಗ್ಗಿಸುತ್ತಿದ್ದರು.

ನಾನು ರಾಜಘಟ್ಟದ ಕಡೆಯ ಒಕ್ಕಲುತನದ ಮನೆಯವಳು. ಭಜನೆ ಮಂಡಳಿಯಲ್ಲಿದ್ದ ಸೋದರಮಾವ ಆಟಕ್ಕೆಂದು ಕೊಳಲು ಕಲಿಸಿದ್ದ. ಕಾಲೇಜಿನ ಸಮಾರಂಭದಲ್ಲಿ ಊದಿದ್ದನ್ನು ಮಾಸ್ಟ್ರು ಕೇಳಿದರು. ಮುಂದಿನ ವಾರವೇ ಅವರ ಮೊಪೆಡ್ಡು ನಮ್ಮ ದ್ರಾಕ್ಷಿ ಚಪ್ಪರದ ಪಕ್ಕ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. ಅಪ್ಪ ಮಜ್ಜಿಗೆ ಕೊಟ್ಟು ಉಪಚಾರ ಮಾಡಿದ, ವಿಷಯ ಕೇಳಿದ ಮೇಲೆ ಮುಖ ಗಂಟಿಕ್ಕಿದ.

“ಹೆಣ್ಮಕ್ಳನ್ನ ಸ್ಟೇಜ್ ಹತ್ತಿಸೋದು ನಮ್ಮಲ್ಲಿ ಇಲ್ಲ ಸ್ವಾಮಿ. ಹಾಡು ಅಂದ್ರೂ ಒಂದು ಲೆಕ್ಕ. ಕೊಳಲು ಊದೋದಾ?”

“ನಿಮ್ಮ ಮಗಳು ನನ್ನ ಪಕ್ಕದಲ್ಲಿ ಕೂರ್ತಾಳೆ ಗೌಡ್ರೇ. ನನ್ನ ಹೆಂಡ್ತಿ ಎಲ್ಲಾ ಪ್ರೋಗ್ರಾಮಿಗೂ ಜೊತೇಲಿ ಬರ್ತಾಳೆ. ಇವಳು ಬರದೇ ಇರೋ ದಿನ ನಿಮ್ಮ ಮಗಳೂ ಬೇಡ.”

ಹಾಗೆನ್ನಲೆಂದೇ ಮೊಪೆಡ್ಡಿನಲ್ಲಿ ಹೆಂಡತಿಯನ್ನು ಸಾಕ್ಷಿಗೆ ಕರೆತಂದಿದ್ದರು. ಆಮೇಲೆ ನಾವೆಲ್ಲ ಅಕ್ಕ ಎಂದು ಕರೆದದ್ದು ಅವರನ್ನೇ. ಮಾತು ಕೊಟ್ಟ ಹಾಗೆ ಅಕ್ಕ ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ಸ್ಟೇಜಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾ ಕೂತಿರುತ್ತಿದ್ದರು. ನನ್ನ ಮದುವೆಯಾದ ಮೇಲೂ ಮಾಸ್ಟ್ರು ಅದೇ ಮೊಪೆಡ್ಡಿನಲ್ಲಿ ಗಂಡನ ಮನೆಗೆ ಬಂದು, “ಇವಳು ನಮ್ಮನೆ ಮಗಳು. ಆಗಾಗ ತವರಿಗೆ ಕಳಿಸ್ತೀವಿ ಅಂದ್ಕೊಳ್ಳಿ” ಎಂದು ಅತ್ತೆಯನ್ನು ಒಪ್ಪಿಸಿದರು. ಹಗಲು ಗಾರ್ಮೆಂಟ್ಸಿನಲ್ಲಿ ಶರ್ಟಿನ ಹೊಲಿಗೆ ಪರೀಕ್ಷೆ ಮಾಡುವ ಹೆಂಗಸು ನಾನು. ಅಲ್ಲಿ ನನ್ನನ್ನು ಕರೆಯುವುದು ಟೇಬಲ್ಲಿನ ನಂಬರಿನಿಂದ. ಸ್ಟೇಜಿನ ಮೇಲೆ ಮಾತ್ರ ನಾನು ನಾನಾಗಿರುತ್ತಿದ್ದೆ. ಅದನ್ನು ಕೊಟ್ಟವರು ಅವರು. ಈ ಋಣವನ್ನು ಇಲ್ಲ ಎನ್ನುವಷ್ಟು ಕೆಟ್ಟವಳಲ್ಲ ನಾನು.

ಇನ್ನೊಂದು ಸಂಗತಿ ಹೇಳಬೇಕು. ಹೊಸಕೋಟೆಯಲ್ಲಿ ಒಂದು ಸಂಘದವರು ಕಾರ್ಯಕ್ರಮಕ್ಕೆ ಮುಂಚೆ ಬ್ಯಾನರು ಮಾಡಿಸಿದ್ದರು. ‘ವಿಶೇಷ ಆಕರ್ಷಣೆ: ಮಹಿಳೆಯಿಂದ ಕೊಳಲು’ ಎಂದು ದಪ್ಪಕ್ಷರ, ಪಕ್ಕದಲ್ಲಿ ಯಾರೋ ಸಿನಿಮಾ ನಟಿಯಂಥವಳ ಚಿತ್ರ. ಮಾಸ್ಟ್ರು ಸ್ಟೇಜಿನ ಕೆಳಗೆ ನಿಂತು ಅದನ್ನು ಓದಿದರು. ಅಕಾರ್ಡಿಯನ್ನನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ.

“ಇದನ್ನ ಇಳಿಸಿ.”

“ಜನ ಬರ್ತಾರೆ ಗುರುಗಳೇ, ಅದಕ್ಕೇ...” ಎಂದ ಸಂಘದವನು.

“ಕೊಳಲು ಅಂತ ಹಾಕಿ, ಸಾಕು. ತಬಲಾಗೆ ಗಂಡಸಿಂದ ತಬಲಾ ಅಂತ ಹಾಕಿದ್ದೀರಾ? ಇವಳು ನೋಡೋ ಸಾಮಾನಲ್ಲ, ಕೇಳ್ಬೇಕಾದ ಕಲಾವಿದೆ. ಇಳಿಸೋವರೆಗೆ ನಾವು ಹತ್ತಲ್ಲ.”

ಇಳಿಸಿದರು. ಆ ದಿನ ನಾನು ಸ್ಟೇಜ್ ಹತ್ತಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಈ ಮನುಷ್ಯನಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದುಕೊಂಡೆ. ಬ್ಯಾನರಿನ ಈ ಕಥೆಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಂಡಿದ್ದೇನೆ.

ನಮ್ಮ ಕಾರ್ಯಕ್ರಮ ಶುರುವಾಗುತ್ತಿದ್ದದ್ದು ಸಿನಿಮಾ ಹಾಡಿನಿಂದಲ್ಲ. ಮಾಸ್ಟ್ರೇ ಕಟ್ಟಿದ ಒಂದು ಧಾಟಿಯಿಂದ. ಅದಕ್ಕೆ ಹೆಸರಿರಲಿಲ್ಲ, ಶುರುವಿನ ಟ್ಯೂನು ಎನ್ನುತ್ತಿದ್ದೆವು. ದೀಪವೆಲ್ಲ ಆರಿಸಿ, ಜನ ಸುಮ್ಮನಾಗುವ ಹೊತ್ತಿಗೆ ಕೊಳಲೊಂದೇ ಮೊದಲಾಗಬೇಕು. ಮೊದಲ ಸಾಲು ಸುಲಭ. ಎರಡನೆಯದು ಕೆಳಗಿನಿಂದ ಹೊರಟು, ಸುತ್ತಿ ಸುತ್ತಿ, ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವ ಉದ್ದನೆಯ ಸಾಲು. ಅದನ್ನು ಒಂದೇ ಉಸಿರಿನಲ್ಲಿ ಊದಬೇಕೆಂದು ಅವರ ಹಟ. ನನಗೆ ಸಾಲುತ್ತಿರಲಿಲ್ಲ. ಷಡ್ಜ ಇನ್ನೇನು ಬಂತು ಎನ್ನುವಾಗ ಸರಕ್ಕನೆ ಉಸಿರು ಎಳೆದುಕೊಳ್ಳುತ್ತಿದ್ದೆ. ಮೈಕು ಅದನ್ನು ಕೊನೆಯ ಸಾಲಿನ ಕುರ್ಚಿಯವರೆಗೆ ಮುಟ್ಟಿಸುತ್ತಿತ್ತು. ಕತ್ತಲಲ್ಲಿ ನನ್ನ ಪಕ್ಕದಿಂದ ‘ಹುಸ್ಸ್’ ಬರುತ್ತಿತ್ತು.

“ನಿಮ್ಮ ಅಕಾರ್ಡಿಯನ್ ಉಸಿರಾಡಬೌದು, ನಾನು ಆಡಬಾರ್ದಾ?” ಎಂದು ಒಮ್ಮೆ ಜಗಳ ತೆಗೆದೆ.

“ಅದಕ್ಕೆ ಹೊಟ್ಟೆ ಪೂರ್ತಿ ಗಾಳಿ. ನಿನಗೆ ಹೊಟ್ಟೆ ಪೂರ್ತಿ ಬೋಂಡ” ಎಂದರು. ತಬಲಾದವರು ಬಿದ್ದು ಬಿದ್ದು ನಕ್ಕರು. ಕಾರ್ಯಕ್ರಮಕ್ಕೆ ಮುಂಚೆ ಬೋಂಡ ತಿನ್ನುವ ಚಟ ನನಗಿದ್ದದ್ದು ನಿಜ. ಷಡ್ಜದ ಹತ್ತಿರದ ಆ ಉಸಿರು ಮಾತ್ರ ಬೋಂಡ ಬಿಟ್ಟರೂ ಹೋಗಲಿಲ್ಲ. ವರ್ಷಗಳು ಹೋದವು, ಕೂದಲು ನರೆಯಿತು, ಉಸಿರು ಅಲ್ಲೇ ಉಳಿಯಿತು.

ಕೊರೊನಾ ಬಂದು ಎಲ್ಲ ಸ್ಟೇಜುಗಳೂ ಬಿದ್ದವು. ಅದು ಮುಗಿದ ಮೇಲೆ ಮಾಸ್ಟ್ರು ನಮ್ಮನ್ನು ಮನೆಗೆ ಕರೆಸಿದರು. ಮಗ್ಗಗಳನ್ನು ಕೊಟ್ಟುಬಿಟ್ಟಿದ್ದರು. ಮುಂದಿನ ಕೋಣೆ ಖಾಲಿಯಾಗಿತ್ತು, ನಾವು ಮಾತಾಡಿದ್ದು ನಮಗೇ ಜೋರಾಗಿ ಕೇಳುತ್ತಿತ್ತು. ಅವರ ಅಳಿಯ ಪ್ರತಿಧ್ವನಿ ಬಾರದಂತೆ ಗೋಡೆಗೆಲ್ಲ ಹಾಸಿಗೆ ನಿಲ್ಲಿಸಿ, ರೆಕಾರ್ಡಿಂಗಿಗೆ ಕಂಪ್ಯೂಟರು, ಮೈಕು ಜೋಡಿಸಿದ್ದ.

“ಎಲ್ರಿಗೂ ವಯಸ್ಸಾಗ್ತಿದೆ. ಒಂದು ನೆನಪಿಗೆ ಇರ್ಲಿ. ಒಬ್ಬೊಬ್ರಾಗಿ ಬಂದು ನಿಮ್ಮ ನಿಮ್ಮ ಪಾಲಿಂದು ನುಡಿಸಿ ಹೋಗಿ” ಎಂದರು ಮಾಸ್ಟ್ರು.

ನೆನಪಿಗೆ. ಅವರು ಬಳಸಿದ ಪದ ಅದೇ.

ನನ್ನ ಸರದಿ ಬಂದಾಗ ಅವರೇ ಬಿಸಿನೀರು ತಂದುಕೊಟ್ಟರು. ಶುರುವಿನ ಟ್ಯೂನು, ಆಮೇಲೆ ನಾವು ನುಡಿಸುತ್ತಿದ್ದ ಹಾಡುಗಳ ಕೊಳಲಿನ ಭಾಗ ಒಂದೊಂದೇ. ಇಡೀ ದಿನ ಊದಿದೆ. ಟ್ಯೂನಿನ ಎರಡನೇ ಸಾಲಿನಲ್ಲಿ ಉಸಿರು ಎಳೆದುಕೊಂಡು ಹೆದರಿ ಅವರ ಕಡೆ ನೋಡಿದೆ. ಅಕಾರ್ಡಿಯನ್ ಅವರ ಹೆಗಲ ಮೇಲಿರಲಿಲ್ಲ. “ಪರವಾಗಿಲ್ಲ, ಇವತ್ತು ಎಷ್ಟು ಬೇಕಾದ್ರೂ ತಗೋ” ಎಂದು ನಕ್ಕರು. ಮಾಸ್ಟ್ರು ಮೆತ್ತಗಾದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಎಂಥ ದಡ್ಡಿ ನಾನು.

ಆಮೇಲೆ ಫೋನಿಗಾಗಿ ಕಾದೆ. ನಾನೇ ಮಾಡಿದರೆ, “ಎಲ್ಲಿ ಬಂತಮ್ಮ, ಯಾರೂ ಕರೀತಿಲ್ಲ. ಶುರುವಾದ ತಕ್ಷಣ ಮೊದ್ಲು ನಿನಗೇ ಹೇಳ್ತೀನಿ” ಎನ್ನುತ್ತಿದ್ದರು. ನಂಬಿದೆ. ಕೆಲಸ ಮುಗಿಸಿ ಬಂದು ಸಂಜೆ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಮಾಡುವುದಕ್ಕೆ ಬೇರೇನೂ ಇಲ್ಲದೆ ಆ ಎರಡನೇ ಸಾಲನ್ನೇ ಹಿಡಿದುಕೊಂಡೆ. ಗಾಳಿಯನ್ನು ಕೆಳಗಿನ ಸ್ವರಗಳಲ್ಲಿ ಉಳಿಸಿ ಮೇಲಕ್ಕೆ ಒಯ್ಯುವುದನ್ನು ಅಂಗುಲ ಅಂಗುಲವಾಗಿ ಕಲಿತೆ. ಒಂದು ದಿನ, ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯವಳ ಎದುರಿಗೇ, ಇಡೀ ಸಾಲು ಒಂದೇ ಉಸಿರಿನಲ್ಲಿ ಬಂತು. ಷಡ್ಜದ ಮೇಲೆ ನಿಂತು ಇನ್ನೂ ಗಾಳಿ ಮಿಕ್ಕಿತ್ತು. ನಾನು ಕುಣಿದಾಡಿದ್ದನ್ನು ನೋಡಿ ಅವಳು “ಏನಾಯ್ತ್ರೀ?” ಎಂದು ಗಾಬರಿಯಾದಳು. ಮಾಸ್ಟ್ರಿಗೆ ಫೋನಿನಲ್ಲಿ ಹೇಳಲಿಲ್ಲ. ಮೊದಲ ಕಾರ್ಯಕ್ರಮದ ಕತ್ತಲಲ್ಲೇ ಕೇಳಿಸಬೇಕು, ಆ ‘ಹುಸ್ಸ್’ ಅವರ ಗುಂಡಿಯಲ್ಲೇ ಉಳಿಯಬೇಕು ಎಂದು ಆಸೆ.

ದೇವನಹಳ್ಳಿಯಲ್ಲಿ ನನ್ನ ಗಂಡನ ಕಡೆಯವರ ಗೃಹಪ್ರವೇಶ. ಹೊಸ ಬಡಾವಣೆ, ರಸ್ತೆಗೆ ಅಡ್ಡಲಾಗಿ ಶಾಮಿಯಾನ, ಮಧ್ಯಾಹ್ನದ ಊಟ. ನಾನೂ ನಾದಿನಿಯೂ ಪಕ್ಕಪಕ್ಕದ ಎಲೆಯಲ್ಲಿ ಕೂತಿದ್ದೆವು. ಕೋಸಂಬರಿ ಬಡಿಸಿ ಹೋದರು. ಸ್ಟೇಜ್ ಹಾಕಿದ್ದ ಆ ಕಡೆಯ ಶಾಮಿಯಾನದಿಂದ ಕೊಳಲು ಕೇಳಿತು. ಶುರುವಿನ ಟ್ಯೂನು. ಮೊದಲ ಸಾಲು. ಎರಡನೇ ಸಾಲು. ಷಡ್ಜಕ್ಕೆ ಮುಂಚೆ ಸರಕ್ಕನೆ ಒಂದು ಉಸಿರು.

ನಾದಿನಿ ಕೋಸಂಬರಿ ಬಾಯಿಗಿಡುತ್ತಿದ್ದವಳು ನನ್ನ ಕಡೆ ತಿರುಗಿದಳು.

“ಅತ್ತಿಗೆ, ಇದು ನಿಮ್ದಲ್ವಾ? ನೀವಿಲ್ಲಿ ಊಟಕ್ಕೆ ಕೂತಿದ್ದೀರ, ಅಲ್ಲಿ ಊದ್ತಿರೋರ್ಯಾರು?”

ಎಲೆ ಬಿಟ್ಟು ಎದ್ದೆ. ಬಡಿಸುವವರು “ಕೂತ್ಕೊಳಮ್ಮ, ಸಾರು ಬರ್ತಿದೆ” ಎನ್ನುತ್ತಲೇ ಇದ್ದರು. ಸ್ಟೇಜಿನ ಹಿಂದೆ ನಮ್ಮದೇ ಆರ್ಕೆಸ್ಟ್ರಾದ ಹೆಸರು. ಒಂದು ಮೂಲೆಯಲ್ಲಿ ಅಳಿಯ, ಮುಂದೆ ಕಂಪ್ಯೂಟರು. ಇಬ್ಬರು ಗಾಯಕರು. ನಡುವೆ ಮಾಸ್ಟ್ರು, ಹೆಗಲ ಮೇಲೆ ಅಕಾರ್ಡಿಯನ್. ಅದಕ್ಕೆ ಮೈಕೇ ಇರಲಿಲ್ಲ. ಅವರ ಪಕ್ಕ, ನಾನು ಕೂರುತ್ತಿದ್ದ ಜಾಗದಲ್ಲಿ, ಜರಿ ಸೀರೆಯುಟ್ಟ ಒಬ್ಬ ಚಂದದ ಹುಡುಗಿ ಕೊಳಲು ಹಿಡಿದು ನಿಂತಿದ್ದಳು. ಊದುತ್ತಿರಲಿಲ್ಲ. ಕೊಳಲನ್ನು ತುಟಿಗೆ ತಾಗಿಸಿ, ಬೆರಳುಗಳನ್ನು ಇಷ್ಟ ಬಂದ ಹಾಗೆ ಎತ್ತುತ್ತಾ, ಜನರ ಕಡೆ ನೋಡಿ ಮುಗುಳ್ನಗುತ್ತಿದ್ದಳು. ಸ್ಪೀಕರಿನಲ್ಲಿ ನಾನು ಇನ್ನೊಂದು ಸಲ ಉಸಿರು ಎಳೆದುಕೊಂಡೆ. ಅವಳ ಬಾಯಿ ಮುಚ್ಚಿಯೇ ಇತ್ತು. ಬ್ಯಾನರಿನಲ್ಲಿ ಅವಳ ದೊಡ್ಡ ಫೋಟೋ, ಅದರ ಕೆಳಗೆ, ‘ವಿಶೇಷ ಆಕರ್ಷಣೆ: ಮಹಿಳಾ ಕೊಳಲು ವಾದನ.’

ನನ್ನ ಕೈಯಲ್ಲಿ ಇನ್ನೂ ಕೋಸಂಬರಿ ಅಂಟಿತ್ತು. ಅಲ್ಲಿಂದ ಮಾಸ್ಟ್ರನ್ನೇ ನೋಡುತ್ತಾ ನಿಂತೆ. ಅವರು ನನ್ನನ್ನು ಕಂಡರು. ಅವರ ಬೆರಳು ನಿಂತುಹೋಯಿತು, ಅಕಾರ್ಡಿಯನ್ನಿನ ಧ್ವನಿ ಮಾತ್ರ ಸ್ಪೀಕರಿನಲ್ಲಿ ಮುಂದುವರಿಯಿತು.

ಹಾಡುಗಳ ನಡುವೆ ಬಿಡುವು ಸಿಕ್ಕಾಗ ಅಡುಗೆಯವರ ಪಾತ್ರೆಗಳ ಹತ್ತಿರ ಬಂದರು. ಹೆಗಲಿನಿಂದ ಅಕಾರ್ಡಿಯನ್ ಇಳಿಸಿರಲಿಲ್ಲ.

“ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲಮ್ಮ.”

“ಗೊತ್ತಿದ್ರೆ ಬೇರೆ ಯಾರನ್ನ ನಿಲ್ಲಿಸ್ತಿದ್ರಿ ಮಾಸ್ಟ್ರೇ?”

“ಈಗ ಅಷ್ಟೂ ಜನಾನ ಕರ್ಕೊಂಡು ಬನ್ನಿ ಅಂತ ಯಾರೂ ಅನ್ನಲ್ಲ. ಹೇಳ್ಬೇಕು ಅಂತಾನೇ ಇದ್ದೆ. ಬಾಯಿ ಬರ್ಲಿಲ್ಲ.”

“ಆ ಹುಡುಗಿಗೆ ನಿಂತ್ಕೋ ಅನ್ನೋಕೆ ಬಾಯಿ ಬಂತಲ್ಲ.”

ಅವರು ಹೆಗಲ ಪಟ್ಟಿ ಸರಿಮಾಡಿಕೊಂಡರು. ಆಮೇಲೆ, ನನಗೆ ಏನೋ ಒಳ್ಳೆಯದು ಮಾಡಿದವರ ದನಿಯಲ್ಲಿ ಹೇಳಿದರು.

“ಅಳಿಯ ಕಂಪ್ಯೂಟರಲ್ಲಿ ನಿನ್ನ ಉಸಿರು ಅಳಿಸ್ಬಿಡ್ತೀನಿ ಅಂದ. ಬೇಡ ಅಂದೆ. ಹಾಗೇ ಇಡಿಸಿದ್ದೀನಿ ಕಣಮ್ಮ.”

ಇಷ್ಟು ವರ್ಷ ಯಾವುದಕ್ಕಾಗಿ ಹುಸ್ಸೆನ್ನಿಸಿದರೋ ಅದನ್ನೇ ಉಳಿಸಿಕೊಂಡು, ನನ್ನನ್ನು ಬಿಟ್ಟಿದ್ದರು. ಆ ಉಸಿರು ಈಗ ನನ್ನಲ್ಲೇ ಇಲ್ಲ ಎಂದು ಹೇಳಲು ನಾಲಿಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ಅದೊಂದನ್ನಾದರೂ ಅವರಿಗೆ ಕೊಡುವುದು ಬೇಡ ಎನ್ನಿಸಿತು. ಹೆಸರು ಕೂಗಿ ಕರೆದರೂ ತಿರುಗಿ ನೋಡದೆ ಬಂದುಬಿಟ್ಟೆ.

ತಂಡ ಸಣ್ಣದಾಗುವುದು ನನಗೆ ಅರ್ಥವಾಗದ ವಿಷಯವಲ್ಲ. ಮಗ್ಗ ಹೋಗಲಿಲ್ಲವೇ, ಹಾಗೆ ನಾವೂ ಹೋಗಬಹುದು. ಕೂರಿಸಿ, “ಇಷ್ಟೇ ಕಣಮ್ಮ, ಮುಗೀತು” ಎಂದಿದ್ದರೆ ಅತ್ತುಕೊಂಡು ಕಾಲಿಗೆ ಬಿದ್ದು ಬರುತ್ತಿದ್ದೆ. ನೆನಪಿಗೆ ಎಂದು ಹೇಳಿ, ಬಿಸಿನೀರು ಕೊಟ್ಟು, ನನ್ನ ಕೈಯಿಂದಲೇ ನನ್ನನ್ನು ಬೇಡವಾಗಿಸಿಕೊಂಡರಲ್ಲ, ಅದು ಮೋಸ. ಬೇರೆ ಪದ ನನಗೆ ಗೊತ್ತಿಲ್ಲ.

ತಬಲಾದವರಿಗೆ ಮೊದಲೇ ಗೊತ್ತಿತ್ತಂತೆ. ಅವರು ಈಗ ಬಸ್ ಸ್ಟ್ಯಾಂಡಿನ ಹತ್ತಿರ ಮಗನ ಬೇಕರಿಯಲ್ಲಿ ಕೂರುತ್ತಾರೆ. “ನಂದೂ ಅದರೊಳಗೇ ಇದೆ ಕಣವ್ವ. ನಾನೂ ನೀನೂ ವಾರವಾರ ಕಛೇರಿ ಮಾಡ್ತಿದ್ದೀವಿ, ನಮಗೇ ಸುದ್ದಿ ಇಲ್ಲ” ಎಂದು ನಕ್ಕು, ನನಗೊಂದು ಬನ್ನು ಕೊಟ್ಟರು. ಅವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ.

ಮಾಸ್ಟ್ರು ಹೋದ ಸುದ್ದಿಯನ್ನು ತಿಳಿಸಿದವರೂ ತಬಲಾದವರೇ. ಬೆಳಗ್ಗೆ ಸಾಸರಿಗೆ ಟೀ ಸುರಿದುಕೊಳ್ಳುತ್ತಿದ್ದವರು ಹಾಗೇ ಒರಗಿದರಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಹೊರಟು, ಚಪ್ಪಲಿ ಮೆಟ್ಟಿ, ಮತ್ತೆ ಬಿಚ್ಚಿದೆ. ತಿಥಿಗೆ ಮಾತ್ರ ಅಕ್ಕನ ಮುಖ ನೋಡಿ ಬರೋಣವೆಂದು ಹೋದೆ. ಚೀಲದಲ್ಲಿ ಕೊಳಲು ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ.

ಮಗ್ಗಗಳಿದ್ದ ಮುಂದಿನ ಕೋಣೆಯಲ್ಲಿ ಹಾರ ಹಾಕಿದ ಫೋಟೋ. ಪಕ್ಕದಲ್ಲಿ ಅಕಾರ್ಡಿಯನ್, ಅದಕ್ಕೂ ಕುಂಕುಮ. ಮೂಲೆಯ ಸ್ಪೀಕರಿನಲ್ಲಿ ಶುರುವಿನ ಟ್ಯೂನು ಮುಗಿದು ಮುಗಿದು ಮತ್ತೆ ಬರುತ್ತಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದವರು ನನ್ನನ್ನು ನೋಡಿ ಅಳಿಯನ ಕಡೆ ತಿರುಗಿದರು.

“ಆರಿಸಪ್ಪ ಅದನ್ನ. ಅವಳೇ ಬಂದಿದ್ದಾಳಲ್ಲ.”

ಅಳಿಯ ಆರಿಸಿದ. ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. “ಒಂದ್ಸಲ ಊದಮ್ಮ” ಎಂದರು ಅಕ್ಕ. ನನಗಾಗಿ ವರ್ಷಗಟ್ಟಲೆ ಸ್ಟೇಜಿನ ಪಕ್ಕ ಕಾದು ಕೂತ ಹೆಂಗಸು. ಇಲ್ಲ ಎನ್ನಲಾಗಲಿಲ್ಲ.

ಫೋಟೋದ ಮುಂದೆ ಕೂತು ಊದಿದೆ. ಮೊದಲ ಸಾಲು ಮುಗಿಸಿದೆ. ಎರಡನೆಯದನ್ನು ಕೆಳಗಿನಿಂದ ಎತ್ತಿಕೊಂಡು, ಸುತ್ತಿಸಿ, ಷಡ್ಜಕ್ಕೆ ಒಯ್ದು ನಿಲ್ಲಿಸಿದೆ. ಒಂದೇ ಉಸಿರು. ಅವರು ಜೀವಮಾನವೆಲ್ಲ ಕೇಳಬೇಕೆಂದಿದ್ದ ಹಾಗೆ. ಕೇಳಿಸಿಕೊಳ್ಳಲು ಅವರಿರಲಿಲ್ಲ. ನಾನು ಕೇಳಿಸಬೇಕೆಂದಿದ್ದಾಗ ಅವರು ಕರೆಯಲಿಲ್ಲ. ಊದಿ ಮುಗಿಸಿದಾಗ ಕಣ್ಣೀರು ಬಂತು. ಅದು ದುಃಖಕ್ಕೋ ಸಿಟ್ಟಿಗೋ ನನಗೆ ಇವತ್ತಿಗೂ ತಿಳಿಯದು.

ಅಕ್ಕ ನನ್ನ ಕೈ ಹಿಡಿದುಕೊಂಡರು.

“ಚೆನ್ನಾಗಿತ್ತಮ್ಮ. ಅದ್ಯಾಕೆ, ಮಧ್ಯದಲ್ಲಿ ಉಸಿರು ಎಳ್ಕೋತಿದ್ದೆಯಲ್ಲ, ಅದು ಬರಲೇ ಇಲ್ಲ?”

“ಬಿಟ್ಟೋಯ್ತಕ್ಕ.”

“ಅಯ್ಯೋ. ಅವರು ಅದಕ್ಕೇ ಕಾಯೋರು. ದಿನಾ ಊಟ ಆದ್ಮೇಲೆ ಅಳಿಯನ ಹತ್ರ ಹಾಕಿಸ್ಕೊಳ್ಳೋರು. ಎರಡನೇ ಸಾಲು ಬಂದಾಗ ಬೆರಳೆತ್ತಿ, ‘ಈಗ ನೋಡು, ಈಗ ಬರ್ತಾಳೆ’ ಅನ್ನೋರು. ನೀನು ಉಸಿರು ಎಳ್ಕೊಂಡ ತಕ್ಷಣ ಮಗು ಥರ ನಗೋರು.”

ನನಗೆ ಕೇಳದೆ ಇರಲಾಗಲಿಲ್ಲ.

“ಅಕ್ಕ, ಅವಳಿಗೊಂದು ಫೋನ್ ಮಾಡೋಣ ಅಂತ ಯಾವತ್ತಾದ್ರೂ ಅಂದ್ರಾ?”

ಅಕ್ಕ ಸುಳ್ಳು ಹೇಳುವವರಲ್ಲ. ಸೆರಗಿನ ಕುಚ್ಚನ್ನು ಸ್ವಲ್ಪ ಹೊತ್ತು ಬೆರಳಿಗೆ ಸುತ್ತಿಕೊಂಡು ಬಿಡಿಸಿಕೊಂಡರು.

“ಇಲ್ಲಮ್ಮ. ಅನ್ಲಿಲ್ಲ.”

ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಹಿಂದಿನ ಕೋಣೆಯಲ್ಲಿ, ನಾವು ಪ್ರಾಕ್ಟೀಸ್ ಮಾಡುತ್ತಿದ್ದಲ್ಲೇ, ಎಲೆ ಹಾಕಿದ್ದರು. ತಬಲಾದವರ ಪಕ್ಕದಲ್ಲಿ ಕೂತೆ. ಊಟಕ್ಕೆ ಜನ ಎದ್ದು ಬಂದದ್ದರಿಂದ ಮುಂದಿನ ಕೋಣೆ ಬಿಕೋ ಎನ್ನಿಸಿತೋ ಏನೋ, ಅಳಿಯ ಮತ್ತೆ ಸ್ಪೀಕರು ಹಾಕಿದ. ಕೊಳಲು ಶುರುವಾಯಿತು. ಮೊದಲ ಸಾಲು ಮುಗಿಯಿತು. ಎರಡನೆಯದು ಮೇಲಕ್ಕೆ ಹೊರಟಾಗ, ನನಗೇ ಗೊತ್ತಿಲ್ಲದೆ, ತುತ್ತನ್ನು ಕೈಯಲ್ಲೇ ಹಿಡಿದು ಕಾದೆ. ಉಸಿರು ಬಂತು. ಅವರಿದ್ದಿದ್ದರೆ ನಗುತ್ತಿದ್ದರು. ನಾನು ತುತ್ತನ್ನು ಎಲೆಗೆ ಹಾಕಿ, ಕೈ ತೊಳೆಯಲು ಎದ್ದೆ.